ಮೂಲದ ಮಡಿ

“ಅನಿಮೆ ನೋಡಿದ್ರ ಜಪಾನಿ ದನಿಯೊಳಗ ನೋಡಬೇಕು. ಡಬ್ ಮಾಡಿದ್ದು ನೋಡೂದೂ ಒಂದ, ನೋಡಲಾರದಂಗ ಇರೂದೂ ಒಂದ.” ಜಪಾನಿನ ಅನಿಮೇಷನ್ ಚಿತ್ರಗಳಾದ ಅನಿಮೆ ಕುರಿತು ಲಿಂಗಸುಗೂರಿನ ಗೆಳೆಯನ ಬಾಯಲ್ಲಿ ಈ ಮಾತು ಕೇಳಿ ಕೇಳಿ ನನಗೆ ರೋಸಿಹೋಗಿದೆ. ಅವನಿಗೆ ಜಪಾನಿ ದನಿ ಇಷ್ಟವಾದರೆ ನನ್ನ ತಕರಾರಿಲ್ಲ. ಡಬ್ ನೋಡುವವರನ್ನು ಹೊಸ್ತಿಲ ಹೊರಗೆ ನಿಲ್ಲಿಸುವ ಆ ಮಡಿಯ ಮೇಲೆ ನನ್ನ ಸಿಟ್ಟು.

ಡಬ್ಬಿಂಗ್ ಬಂದರೆ ಕನ್ನಡ ಚಿತ್ರರಂಗ ಉಳಿಯದು ಎಂಬ ಹಳೆಯ ವಾದವನ್ನು ಇಲ್ಲಿ ಮತ್ತೆ ಎಳೆಯುವುದಿಲ್ಲ. 1960ರ ದಶಕದ ಚಳವಳಿಯಿಂದ ಬೇರೂರಿದ ಡಬ್ಬಿಂಗ್ ನಿಷೇಧಕ್ಕೆ ಕಾನೂನಿನ ಬಲವಿಲ್ಲವೆಂಬುದು 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಆದೇಶದಿಂದ ಸ್ಪಷ್ಟವಾಯಿತು. ಗೆಳೆಯನ ವಾದ ಅದಕ್ಕಿಂತ ಗಟ್ಟಿ.

ಅವನು ಎತ್ತುವ ಉದಾಹರಣೆ ಜಪಾನಿನ ಅನಿಮೆ ನಿರ್ದೇಶಕ ಮಿಯಾಜಾಕಿಯದು. 1984ರ ಅವರ ‘ನೌಸಿಕಾ’ ಚಿತ್ರವನ್ನು ಅಮೆರಿಕದ ವಿತರಕರು 20 ನಿಮಿಷಕ್ಕೂ ಹೆಚ್ಚು ಕತ್ತರಿಸಿ, ಹೆಸರು ಬದಲಿಸಿ, 1985ರಲ್ಲಿ ‘ವಾರಿಯರ್ಸ್ ಆಫ್ ದ ವಿಂಡ್’ ಎಂದು ಮಾರಿದರು. ಕಾಡಿನ, ಹುಳುಗಳ, ಯುದ್ಧದ ಬಗೆಗಿನ ಗಂಭೀರ ಚಿಂತನೆ ಬರೀ ಸಾಹಸದ ಕಥೆಯಾಯಿತು. ಆ ನೋವಿನಿಂದಲೇ ಅವರ ಘಿಬ್ಲಿ ಸ್ಟುಡಿಯೋ ಮುಂದೆ ಒಂದು ಚೂರೂ ಕತ್ತರಿಸಕೂಡದೆಂದು ಹಟ ಹಿಡಿಯಿತು. ಅಮೆರಿಕದ ಅಭಿಮಾನಿಗಳೂ ಸುಮ್ಮನಿರಲಿಲ್ಲ. ಜಪಾನಿನ ಕಾರ್ಯಕ್ರಮಗಳ ವಿಡಿಯೋ ಕ್ಯಾಸೆಟ್ ತರಿಸಿ, ತಾವೇ ಸಬ್‌ಟೈಟಲ್ ಹಾಕಿ, ಪ್ರತಿ ಮಾಡಿ ಅಂಚೆಯಲ್ಲಿ ಹಂಚಿಕೊಂಡರು. ಮೂಲವನ್ನು ಗೌರವಿಸುವ ನೋಡುಗರಿದ್ದಾರೆಂದು ವ್ಯಾಪಾರಿಗಳಿಗೆ ತೋರಿಸಿದವರಲ್ಲಿ ಅವರೂ ಸೇರಿದ್ದಾರೆ. ಇಷ್ಟನ್ನು ಮನಸಾರೆ ಒಪ್ಪುತ್ತೇನೆ. ಈ ಮಡಿವಂತರು ಜಗಳ ತೆಗೆಯದಿದ್ದರೆ ನಮ್ಮವರೆಗೂ ಹರಕುಮುರುಕೇ ಬರುತ್ತಿತ್ತು.

ಆದರೆ ಆ ಸಬ್‌ಟೈಟಲ್ ಇಂಗ್ಲಿಷಿನಲ್ಲಿತ್ತು. ಅಮೆರಿಕದವರಿಗೆ ಅದು ಮನೆಮಾತು. ಸಿಂಧನೂರಿನ ನನ್ನ ಅಕ್ಕನ ಮಗನಿಗೆ ಅಲ್ಲ. ಅವನು ಕನ್ನಡ ಮಾಧ್ಯಮದಲ್ಲಿ ಓದುತ್ತಾನೆ. ಕಾಳಗದ ದೃಶ್ಯದಲ್ಲಿ ತುಟಿ ಅಲುಗಿಸುತ್ತ ಸಾಲಿನ ಅರ್ಧಕ್ಕೆ ಬರುವಷ್ಟರಲ್ಲಿ ಅಕ್ಷರ ಮಾಯವಾಗಿರುತ್ತದೆ, ತಲೆಯೆತ್ತಿದರೆ ಕತ್ತಿಯೂ ಬೀಸಿಯಾಗಿರುತ್ತದೆ. 2025ರ ಸೆಪ್ಟೆಂಬರಿನಲ್ಲಿ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಅನಿಮೆ ಚಿತ್ರ ಭಾರತಕ್ಕೆ ಜಪಾನಿ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ಬಂತು, ಕನ್ನಡದಲ್ಲಿ ಬರಲಿಲ್ಲ. ಹುಡುಗ ತೆಲುಗು ವಲಸಿಗರ ಕ್ಯಾಂಪಿನ ಗೆಳೆಯರ ಜೊತೆ ತೆಲುಗಿನಲ್ಲಿ ನೋಡಿದ. ಜಪಾನಿ ಮೂಲಕ್ಕೆ ನಿಷ್ಠೆ ತೋರಿಸಲು ಅವನು ಮೊದಲು ಇಂಗ್ಲಿಷಿಗೆ ಸುಂಕ ಕಟ್ಟಬೇಕು. ಆ ಸುಂಕ ಎಂದೋ ಕಟ್ಟಿ ಮರೆತವರಿಗೆ ಮಡಿ ಸುಲಭ.

ಗೆಳೆಯ ಸೋಲಲಿಲ್ಲ. “ಮಸ್ಕ್ಯಾಗ ಅಶೋಕ ಕನ್ನಡದಾಗ ಬರೆಸಿದ್ನೇನು?” ಎಂದು ಕೇಳಿದ. 1915ರಲ್ಲಿ ಬೆಳಕಿಗೆ ಬಂದ, ಅಶೋಕನ ಹೆಸರನ್ನೇ ಹೊತ್ತ ಮಸ್ಕಿಯ ಆ ಬಂಡೆ ಶಾಸನದ ಭಾಷೆ ಪ್ರಾಕೃತ. ಕಂದಹಾರದವರಿಗೆ ಅವನು ಗ್ರೀಕ್ ಮತ್ತು ಅರಾಮಿಕ್‌ನಲ್ಲಿ ಬರೆಸಿದ, ನಮಗೆ ತನ್ನ ಭಾಷೆಯಲ್ಲೇ. ನಮ್ಮ ನುಡಿಯನ್ನು ಲೆಕ್ಕಕ್ಕಿಡದೆ ಮಾತು ಹಂಚುವುದು ಅಷ್ಟು ಹಳೆಯದು, ಆದರೂ ನಾವು ಉಳಿದೆವಲ್ಲ ಎಂಬುದು ಅವನ ಪಟ್ಟು. ನನ್ನ ಉತ್ತರ ಕರ್ನೂಲು ಕಡೆಯ ಎರ್ರಗುಡಿಯ ಅಶೋಕನ ಶಾಸನದಲ್ಲಿದೆ. ಆಜ್ಞೆಯನ್ನು ಭೇರಿ ಹೊಡೆಸಿ ಜನಕ್ಕೆ ಸಾರಬೇಕೆಂದು ಅಲ್ಲಿ ಅಧಿಕಾರಿಗಳಿಗೆ ಹೇಳಿದೆ. ಊರೂರಿಗೆ ಹೋಗಿ ಸಾರಿದವನು ಜನರ ಮಾತಿಗೆ ಇಳಿಯದೆ ಕೆಲಸ ಆಗಿರಲಾರದು ಎಂಬುದು ನನ್ನ ಊಹೆ. ಬಂಡೆ ಮೂಲವನ್ನು ಕಾಯಲಿ, ಸಾರುವವನೂ ಇರಲಿ. ಒಬ್ಬನಿಂದ ಇನ್ನೊಬ್ಬನಿಗೆ ಮೈಲಿಗೆಯಿಲ್ಲ.

ಇಲ್ಲಿಗೆ ವಾದ ಮುಗಿಸಬಹುದಿತ್ತು. ಆದರೆ ಹುಡುಗನನ್ನೇ ಕೇಳಿದೆ: “ಕನ್ನಡದಾಗ ಬಂದ್ರ ನೋಡ್ತಿಯೇನೋ?” “ತೆಲುಗಿನಾಗ ಚಂದ ಐತಿ ಬಿಡು ಮಾಮಾ” ಎಂದ. ಅವನ ಮಾತಿನಲ್ಲಿ ಹುರುಳಿದೆ. ತೆಲುಗಿನಲ್ಲಿ ಡಬ್ಬಿಂಗ್ ಹಲವು ದಶಕಗಳ ಕಸುಬು, ಪಾತ್ರಕ್ಕೆ ತಕ್ಕ ದನಿ ಹುಡುಕಬಲ್ಲವರು ಅಲ್ಲಿದ್ದಾರೆ. ನಮ್ಮಲ್ಲಿ ಆ ಕಸುಬನ್ನು ನಾವೇ ಬೆಳೆಯಗೊಡಲಿಲ್ಲ. ನಾಳೆ ಬೆಂಗಳೂರಿನ ಸ್ಟುಡಿಯೋದಿಂದ ಹೊರಡುವ ಕನ್ನಡ ಪುಸ್ತಕದ ಕನ್ನಡವಾದರೆ, “ಏನ್ ಮಾಡಾಕತ್ತಿ” ಎನ್ನುವ ಹುಡುಗನಿಗೆ ಅದು ಕ್ಯಾಂಪಿನ ತೆಲುಗಿಗಿಂತ ಹತ್ತಿರವೇ? ಕಾಲುವೆ ನೀರು ನಂಬಿ ಬಂದ ಆಂಧ್ರದವರು, ಪುನರ್ವಸತಿ ಕ್ಯಾಂಪಿನ ಬಂಗಾಳಿಗಳು, ಉರ್ದು ಮನೆಮಾತಿನವರು ಕೂಡಿ ಬಾಳುವ ಈ ತಾಲೂಕಿನಲ್ಲಿ ಮಕ್ಕಳ ಭಾಷೆಗೆ ಗಡಿ ಎಳೆಯಹೋದರೆ ನಾನೂ ಇನ್ನೊಂದು ಮಡಿ ಹೂಡಿದಂತೆ.

ಆದರೂ ಒಂದು ನೋವು ಹೋಗುವುದಿಲ್ಲ. ಯುಗೋ ಸಾಕೋ ಅವರ ರಾಮಾಯಣ ಅನಿಮೆ 2025ರ ಜನವರಿಯಲ್ಲಿ ಹಿಂದಿ, ತಮಿಳು, ತೆಲುಗು, ಇಂಗ್ಲಿಷಿನಲ್ಲಿ ಮರಳಿ ತೆರೆಗೆ ಬಂತು. ಕಿಷ್ಕಿಂಧೆಯೆಂದು ಜನ ನಂಬುವ ಆನೆಗೊಂದಿ ಸಿಂಧನೂರಿಗೆ ನೆರೆಯಲ್ಲೇ ಇದ್ದರೂ ವಾನರರು ಕನ್ನಡ ಆಡಲಿಲ್ಲ. ಅದೇ ವರ್ಷ ಬೆಂಗಳೂರಿನ ಹೊಂಬಾಳೆ ಸಂಸ್ಥೆ ಅರ್ಪಿಸಿದ ‘ಮಹಾವತಾರ ನರಸಿಂಹ’ ಅನಿಮೇಷನ್ ಚಿತ್ರ ಕನ್ನಡದಲ್ಲೂ ಬಂತು. ಅಂದರೆ ಮನಸ್ಸು ಮಾಡಿದರೆ ಆಗದ ಕೆಲಸವೇನಲ್ಲ. ಕನ್ನಡದ ಡಬ್ ಬೇಕೆಂದು ವಿತರಕರನ್ನು ಕೇಳುತ್ತಲೇ ಇರುತ್ತೇನೆ. ಆದರೆ ಹುಡುಗ ಏನನ್ನೋ ಕಳೆದುಕೊಂಡಿದ್ದಾನೆ ಎಂದು ಗೆಳೆಯನೆದುರು ಹಿಂದಿನಷ್ಟು ಗಟ್ಟಿಯಾಗಿ ಹೇಳಲಾರೆ. ಕಳೆದುಕೊಂಡದ್ದು ಅವನೋ, ಅವನ ಕಿವಿಯನ್ನು ಕಳೆದುಕೊಂಡ ಕನ್ನಡವೋ ಎಂಬುದು ನನಗಿನ್ನೂ ಬಗೆಹರಿದಿಲ್ಲ.