ಹಳೆಯ ಪಿಯಾನೋದ ಮೆರುಗು

ಹಳೆಯ ವಸ್ತುವೊಂದು ನಮ್ಮ ಕೈಸೇರಿದಾಗ ಅದನ್ನು ಹೊಸದರಂತೆ ಹೊಳೆಯಿಸುವುದು ಅದಕ್ಕೆ ಸಲ್ಲಿಸುವ ಗೌರವವೋ, ಅಥವಾ ಅದು ಬಾಳಿದ ಬಾಳನ್ನೇ ಅಳಿಸಿಹಾಕುವ ಒಂದು ಬಗೆಯೋ? ಸಣ್ಣದಾಗಿ ತೋರುವ ಈ ಪ್ರಶ್ನೆಯನ್ನು ಪಿಯಾನೋ ಒಂದನ್ನು ಮುಂದಿಟ್ಟುಕೊಂಡು ನಿಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ. ಪ್ರಿಯ ಓದುಗರೇ, ನಿಮ್ಮಲ್ಲಿ ಬಹುಮಂದಿಯ ಮನೆಯಲ್ಲಿ ಪಿಯಾನೋ ಇರಲಾರದು. ನಮ್ಮ ಗಾನವೃಂದಗಳು ಹಾರ್ಮೋನಿಯಂನಿಂದ ನೇರವಾಗಿ ಎಲೆಕ್ಟ್ರಾನಿಕ್ ಕೀಬೋರ್ಡಿಗೆ ದಾಟಿದವು. ಆದರೂ ಕಾನ್ವೆಂಟ್ ಶಾಲೆಯ ಸಭಾಂಗಣದ ಮೂಲೆಯಲ್ಲಿಯೋ, ಬಂಧುಗಳ ಹಳೆಯ ಮನೆಯ ಪಡಸಾಲೆಯಲ್ಲಿಯೋ ಬಟ್ಟೆ ಹೊದ್ದು ನಿಂತ ಪಿಯಾನೋವನ್ನು ಕಂಡವರು ಖಂಡಿತ ಇದ್ದೀರಿ.

ಅಂಥದ್ದೊಂದು ಪಿತ್ರಾರ್ಜಿತವಾಗಿ ಬಂದಾಗ ಎರಡು ಪ್ರಶ್ನೆಗಳು ಏಳುತ್ತವೆ. ಇದಕ್ಕೆ ಮೆರುಗು ಬರಿಸುವುದು ಹೇಗೆ? ಇದಕ್ಕೆ ವಯಸ್ಸೆಷ್ಟು? ಜನರು ಕೇಳುವುದು ಸಾಮಾನ್ಯವಾಗಿ ಇದೇ ಕ್ರಮದಲ್ಲಿ. ಈ ಕ್ರಮವನ್ನು ತಿರುವುಮುರುವು ಮಾಡಬೇಕೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಮೊದಲ ಕಾರಣ ತೀರ ಲೌಕಿಕವಾದದ್ದು. ಹತ್ತೊಂಬತ್ತನೆಯ ಶತಮಾನದ ಯೂರೋಪಿನ ಪಿಯಾನೋಗಳಿಗೆ ಬಹುಮಟ್ಟಿಗೆ ಫ್ರೆಂಚ್ ಪಾಲಿಷ್ ಇರುತ್ತಿತ್ತು. ಅಂದರೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನು ಬಟ್ಟೆಯ ಉಂಡೆಯಿಂದ ಪದರಪದರವಾಗಿ ತಿಕ್ಕಿ ಬರಿಸಿದ ಹೊಳಪು. 1920ರ ದಶಕದಿಂದ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಬಳಕೆಗೆ ಬಂದಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕನ್ನಡಿಯಂತೆ ಹೊಳೆಯುವ ಪಾಲಿಯೆಸ್ಟರ್ ಲೇಪ ಬಂದಿತು. ಪಾಲಿಯೆಸ್ಟರಿಗೆ ಏನೂ ಆಗದ ಒಂದು ತೊಟ್ಟು ಸ್ಪಿರಿಟ್ ಅರಗಿನ ಮೆರುಗನ್ನು ಕ್ಷಣದಲ್ಲಿ ಕರಗಿಸಿಬಿಡುತ್ತದೆ. ಒದ್ದೆಯ ಲೋಟ ಇಟ್ಟಲ್ಲಿ ಅರಗಿನ ಮೇಲೆ ಬಿಳಿಯ ಉಂಗುರ ಮೂಡುತ್ತದೆ. ವಯಸ್ಸನ್ನು ತಿಳಿಯದೆ ಪಾಲಿಷ್ ಡಬ್ಬಿ ತೆರೆಯುವವನು, ರೋಗಿಯ ಹೆಸರನ್ನೂ ಕೇಳದೆ ಔಷಧಿ ಕೊಡುವ ವೈದ್ಯನಿಗೆ ಸಮಾನ.

ಇಲ್ಲಿ ಅರಗಿನ ಬಗ್ಗೆ ಒಂದು ಮಾತು. ಚನ್ನಪಟ್ಟಣದ ಬೊಂಬೆಗಳ ಹೊಳಪು ನಿಮಗೆ ಗೊತ್ತಿದೆ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಬರಿಸುವ ಹೊಳಪು ಅದು. ಪಾಂಡವರ ಅರಗಿನ ಮನೆಯ ಕಥೆಯನ್ನೂ ಕೇಳಿದ್ದೀರಿ. ಅದೇ ಅರಗು ಲಂಡನ್ನಿನ, ಪ್ಯಾರಿಸ್ಸಿನ ಪಿಯಾನೋಗಳ ಮೈಮೇಲೂ ಇತ್ತು. ಮುತ್ತುಗ, ಬೋರೆ ಮುಂತಾದ ಮರಗಳ ಕೊಂಬೆಗಳ ಮೇಲೆ ಸಣ್ಣ ಕೀಟವೊಂದು ಸ್ರವಿಸುವ ಈ ಅಂಟನ್ನು ಹೆಚ್ಚಾಗಿ ಕೆರೆದು ಕೊಟ್ಟವರು ಛೋಟಾನಾಗ್ಪುರ ಸೀಮೆಯ ಆದಿವಾಸಿಗಳು. 1885ರಲ್ಲಿ ಅಲ್ಲಿಗೆ ಬಂದ ಯೇಸುಸಭೆಯ ಸ್ವಾಮಿ ಕಾನ್‌ಸ್ಟಂಟ್ ಲೀವೆನ್ಸ್ ಯಾರ ಭೂಮಿಯ ಹಕ್ಕಿಗಾಗಿ ಹೋರಾಡಿದರೋ ಆ ಜನ. ಯೂರೋಪಿನ ಶ್ರೀಮಂತ ದಿವಾನಖಾನೆಯಲ್ಲಿ ಪಿಯಾನೋವಿನ ಮೈಯಲ್ಲಿ ತನ್ನ ಮುಖವನ್ನು ಕಂಡು ಮೆಚ್ಚಿಕೊಂಡ ಹೆಣ್ಣುಮಗಳಿಗೆ ಆ ಕಾಡಿನ ನೆನಪು ಬಂದಿರಲಾರದು.

ಆರೈಕೆಯ ಕ್ರಮವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಹಿಂಡಿ ತೆಗೆದ ಮೆತ್ತನೆಯ ಹತ್ತಿಬಟ್ಟೆಯಿಂದ ಮರದ ಎಳೆಯ ದಿಕ್ಕಿನಲ್ಲಿಯೇ ಒರೆಸಿ, ಕೂಡಲೇ ಒಣಬಟ್ಟೆಯಿಂದ ಒರೆಸಿ. ಸಿಲಿಕೋನ್ ಬೆರೆತ ಸ್ಪ್ರೇಗಳನ್ನು ಹತ್ತಿರಕ್ಕೂ ತರಬೇಡಿ; ಮುಂದೆ ಯಾರಾದರೂ ಸರಿಯಾಗಿ ಮೆರುಗು ಹಾಕಬೇಕೆಂದರೂ ಅದು ಹಿಡಿಯುವುದಿಲ್ಲ. ಬಿಸಿಲು ನೇರವಾಗಿ ಬೀಳದಿರಲಿ. ಹೂದಾನಿಯನ್ನೂ, ಉರಿಯುವ ಮೇಣದ ಬತ್ತಿಯನ್ನೂ ಮೇಲಿಡಬೇಡಿ. ಕರಾವಳಿಯ ಮಳೆಗಾಲದಲ್ಲಿ ಮರ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಮೆರುಗಿನಲ್ಲಿ ಕಾಣುವ ಜೇಡರ ಬಲೆಯಂಥ ಬಿರುಕುಗಳಿಗೆ ಇದೂ ಒಂದು ಕಾರಣ. ಬಿರುಕುಗಳೆಲ್ಲ ದುರಸ್ತಿಯನ್ನು ಬೇಡುವುದಿಲ್ಲ. ಉಪ್ಪು ಕಾಗದ ಹಿಡಿದು ಎಲ್ಲವನ್ನೂ ಉಜ್ಜಿ ತೆಗೆದರೆ, ನೂರು ವರ್ಷ ಜನರ ಕೈ ತಾಗಿ ಸವೆದ ಗುರುತೂ ಅದರೊಡನೆ ಹೋಗುತ್ತದೆ. ಜೂಬಿಲಿ ಬಂದಿತೆಂದು ದೇವಾಲಯದ ಹಳೆಯ ಮರದ ಸ್ವರೂಪಗಳಿಗೆ ಎನಾಮಲ್ ಬಣ್ಣ ಬಳಿದದ್ದನ್ನು ನೀವೂ ಕಂಡಿರಬಹುದು. ಸಂತರ ಕೆನ್ನೆ ಕೆಂಪಾಗುತ್ತದೆ, ಕೆತ್ತಿದವನ ಕೈ ಕಾಣೆಯಾಗುತ್ತದೆ. ದೇವಾಲಯದ ಅಮೂಲ್ಯ ವಸ್ತುಗಳು ಕೈಬಿಟ್ಟು ಹೋಗದಂತೆ, ಹಾಳಾಗದಂತೆ ನೋಡಿಕೊಳ್ಳಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ದೈವಾರಾಧನೆಯ ಸಂವಿಧಾನದ 126ನೆಯ ಪರಿಚ್ಛೇದದಲ್ಲಿ ಎಚ್ಚರಿಸಿದೆ. ಹಾಳಾಗುವುದೆಂದರೆ ಗೆದ್ದಲು ಹಿಡಿಯುವುದು ಮಾತ್ರವಲ್ಲ.

ಇನ್ನು ವಯಸ್ಸು. ಪಿಯಾನೋದ ಮೇಲ್ಮುಚ್ಚಳವನ್ನು ತೆರೆದರೆ ತಂತಿಗಳನ್ನು ಬಿಗಿದ ಮೊಳೆಗಳ ಬಳಿ, ಕಬ್ಬಿಣದ ಚೌಕಟ್ಟಿನ ಮೇಲೆಯೋ ಮರದ ಮೇಲೆಯೋ ಒಂದು ಕ್ರಮಸಂಖ್ಯೆ ಇರುತ್ತದೆ. ತಯಾರಕರ ಹೆಸರನ್ನೂ ಈ ಸಂಖ್ಯೆಯನ್ನೂ ಹಿಡಿದು, ಅದಕ್ಕೆಂದೇ ಇರುವ ಪಟ್ಟಿಗಳಲ್ಲಿ ವರ್ಷವನ್ನು ಹುಡುಕಬಹುದು. ಚೌಕಟ್ಟಿನ ಮೇಲೆ ಎರಕಹೊಯ್ದ ಪೇಟೆಂಟ್ ವರ್ಷವನ್ನೇ ಹುಟ್ಟಿದ ವರ್ಷವೆಂದು ಭ್ರಮಿಸುವವರಿದ್ದಾರೆ. ಅದು ಹೇಳುವುದು ‘ಇದಕ್ಕಿಂತ ಹಿಂದಿನದಲ್ಲ’ ಎಂಬುದನ್ನು ಮಾತ್ರ. ಎಂಬತ್ತೆಂಟರ ಬದಲು ಎಂಬತ್ತೈದು ಕೀಗಳಿದ್ದರೆ ಬಹುಶಃ ಹತ್ತೊಂಬತ್ತನೆಯ ಶತಮಾನದ ವಾದ್ಯವಿರಬೇಕು. ಸಂಖ್ಯೆಗಳನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. 1853ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ಸ್ಟೈನ್‌ವೇ ಸಂಸ್ಥೆಯ ಮೊದಲ ಪಿಯಾನೋದ ಸಂಖ್ಯೆ ಒಂದಲ್ಲ, 483. ಅದೇ ಸಂಸ್ಥೆಯ ಒಂದು ಲಕ್ಷದ ಸಂಖ್ಯೆಯ ಪಿಯಾನೋ 1903ರಲ್ಲಿ ಅಮೆರಿಕದ ಅಧ್ಯಕ್ಷರ ಶ್ವೇತಭವನಕ್ಕೆ ಕಾಣಿಕೆಯಾಗಿ ಹೋಯಿತು. ಜಗದ್ಗುರು ಹತ್ತನೆಯ ಪಯಸ್ ಅವರು ದೇವಾಲಯದಲ್ಲಿ ಪಿಯಾನೋ ನುಡಿಸಬಾರದೆಂದು ಆಜ್ಞೆ ಹೊರಡಿಸಿದ್ದೂ ಅದೇ 1903ರಲ್ಲಿ! ನಮ್ಮ ಹಿರಿಯರು ಹಾರ್ಮೋನಿಯಂಗೆ ಅಂಟಿಕೊಂಡದ್ದು ಬಡತನದಿಂದ ಮಾತ್ರವಲ್ಲ ಎಂದು ಹೇಳಿ ಸಮಾಧಾನಪಡಬಹುದೇನೋ.

ಇಷ್ಟಾದರೂ ವಯಸ್ಸನ್ನು ಮೊದಲು ಕೇಳಬೇಕೆನ್ನುವುದಕ್ಕೆ ಪಾಲಿಷ್ ಕೆಡುತ್ತದೆ ಎಂಬುದಷ್ಟೇ ಕಾರಣವಲ್ಲ. ತಿಳಿಯದ್ದನ್ನು ಯಾರಾದರೂ ಪ್ರೀತಿಸಲು ಸಾಧ್ಯವೇ ಎಂದು ಸಂತ ಅಗಸ್ಟೀನರು ತ್ರೈಏಕತೆಯನ್ನು ಕುರಿತ ತಮ್ಮ ಗ್ರಂಥದ ಹತ್ತನೆಯ ಭಾಗದಲ್ಲಿ ಕೇಳುತ್ತಾರೆ. ಗುರುಮಠದಲ್ಲಿ ಇದನ್ನು ಓದುವಾಗ ಬರಿಯ ತರ್ಕದ ಕಸರತ್ತೆಂದು ತೋರುತ್ತದೆ. ಆದರೆ ನಾವು ಪ್ರೀತಿಯೆಂದು ಕರೆಯುವುದು ಎಷ್ಟೋ ವೇಳೆ ನಮ್ಮ ಪ್ರತಿಬಿಂಬದ ಮೇಲಿನ ಪ್ರೀತಿಯೇ ಆಗಿರುತ್ತದೆ. ಹೊಳೆಯುವ ಮೈಯಲ್ಲಿ ಕಾಣುವುದು ನಮ್ಮ ಮುಖ. ವಯಸ್ಸನ್ನು ಕೇಳಿದಾಗ ಇತರರ ಮುಖಗಳೂ ಕಾಣತೊಡಗುತ್ತವೆ, ಅವೆಲ್ಲವೂ ಹಿತಕರವಾಗಿರುವುದಿಲ್ಲ.

ಹಳೆಯ ಪಿಯಾನೋದ ಬಿಳಿಯ ಕೀಗಳನ್ನು ಹತ್ತಿರದಿಂದ ನೋಡಿ. ಪ್ರತಿಯೊಂದರ ಮೇಲೂ ಮುಂದಿನ ಅಗಲ ಭಾಗಕ್ಕೂ ಹಿಂದಿನ ಕಿರಿದಾದ ಭಾಗಕ್ಕೂ ನಡುವೆ ಕೂದಲೆಳೆಯಂಥ ಒಂದು ಗೆರೆ ಇದ್ದು, ಮೇಲ್ಮೈಯಲ್ಲಿ ಮರದ ಎಳೆಯಂಥ ಸೂಕ್ಷ್ಮ ರೇಖೆಗಳಿದ್ದರೆ ಅದು ಆನೆಯ ದಂತ. ಐವತ್ತೆರಡು ಬಿಳಿಯ ಕೀಗಳ ಮೇಲೆ ಅಂಟಿಸಿದ, ಸುಮಾರು ಒಂದು ಮಿಲಿಮೀಟರ್ ದಪ್ಪದ ಹಲ್ಲೆಗಳು. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಡೀಪ್ ರಿವರ್ ಮತ್ತು ಐವರಿಟನ್ ಎಂಬ ಎರಡು ಪುಟ್ಟ ಊರುಗಳು ಈ ಕಸುಬಿನಿಂದಲೇ ಬಾಳಿದವು. ದಂತವನ್ನು ಹಲ್ಲೆಗಳಾಗಿ ಕೊಯ್ದು, ಗಾಜಿನ ಮನೆಗಳಲ್ಲಿ ಹರಡಿ, ಬಿಸಿಲಿನಲ್ಲಿ ಬಿಳುಪಾಗಿಸುತ್ತಿದ್ದರು. ದಂತ ಬರುತ್ತಿದ್ದುದು ಬಹುಪಾಲು ಪೂರ್ವ ಆಫ್ರಿಕದಿಂದ, ಜಾಂಜಿಬಾರ್ ದ್ವೀಪದ ಮೂಲಕ. ಒಳನಾಡಿನಿಂದ ಕಡಲ ತೀರದವರೆಗೆ ಅದನ್ನು ತಲೆಯ ಮೇಲೆ, ಹೆಗಲ ಮೇಲೆ ಹೊತ್ತು ತಂದವರಲ್ಲಿ ಅನೇಕರು ಸೆರೆಹಿಡಿದ ಗುಲಾಮರು. ಸರಕು ಮುಟ್ಟಿದ ಮೇಲೆ ಹೊತ್ತವನೂ ಸರಕಾಗುತ್ತಿದ್ದ. ಜಾಂಜಿಬಾರಿನ ಗುಲಾಮರ ಸಂತೆ ಮುಚ್ಚಿದ್ದು 1873ರಲ್ಲಿ. ಒಳನಾಡಿನಲ್ಲಿ ಬೇಟೆ ನಿಂತಿರಲಿಲ್ಲವಾದ್ದರಿಂದಲೇ 1888ರಲ್ಲಿ ಕಾರ್ಡಿನಲ್ ಲಾವಿಜೆರಿಯವರು ಪ್ಯಾರಿಸ್, ಲಂಡನ್, ಬ್ರಸೆಲ್ಸ್ ನಗರಗಳಲ್ಲಿ ಗುಲಾಮಗಿರಿಯ ವಿರುದ್ಧ ಬೋಧಿಸುತ್ತ ಸಂಚರಿಸಿದರು.

ಡೀಪ್ ರಿವರ್ ಊರಿನ ದಂತದ ಕಸುಬಿಗೆ ಬುನಾದಿ ಹಾಕಿದವರಲ್ಲಿ ಜಾರ್ಜ್ ರೀಡ್ ಒಬ್ಬರು. ಬ್ಯಾಪ್ಟಿಸ್ಟ್ ಸಭೆಯ ಡೀಕನ್, ಗುಲಾಮಗಿರಿಯ ಕಡುವಿರೋಧಿ. ದಕ್ಷಿಣದ ತೋಟಗಳಿಂದ ಜೀವ ಉಳಿಸಿಕೊಂಡು ಓಡಿಬಂದ ಡೇನಿಯಲ್ ಫಿಶರ್ ಎಂಬ ಗುಲಾಮ ಯುವಕನಿಗೆ ಅವರು ಆಸರೆ ನೀಡಿದರು. ಹಿಡಿಯಲು ಬಂದವರಿಗೆ ಸುಳಿವು ಸಿಗದಂತೆ ಅವನು ವಿಲಿಯಂ ವಿಂಟರ್ಸ್ ಎಂಬ ಹೆಸರಿನಲ್ಲಿ ಆ ಊರಿನಲ್ಲಿಯೇ ಬಾಳಿದನು. ಆ ಕೈಯೇ ಆ ದಂತವನ್ನೂ ಮುಟ್ಟಿತು. ಇಂಥವರನ್ನು ಕಪಟಿಗಳೆನ್ನುವುದು ಸುಲಭ, ನಾನು ಹಾಗೆನ್ನಲಾರೆ. ಬಾಗಿಲಿಗೆ ಬಂದ ಗುಲಾಮನನ್ನು ಅವರು ತಮ್ಮ ನೆರೆಯವನೆಂದು ಗುರುತಿಸಿದರು, ಅದಕ್ಕೆ ಧೈರ್ಯ ಬೇಕಿತ್ತು. ಕಡಲಾಚೆ ದಂತವನ್ನು ಹೊತ್ತವನ ಮುಖ ಅವರ ಕಾರ್ಖಾನೆಯ ಬಿಳಿಯ ಹಲ್ಲೆಗಳಲ್ಲಿ ಕಾಣಲಿಲ್ಲ. ನಮ್ಮ ಮೊಬೈಲಿನ ಬ್ಯಾಟರಿಗೆ ಬೇಕಾದ ಕೋಬಾಲ್ಟ್ ಬಹುಪಾಲು ಕಾಂಗೋ ದೇಶದ ಗಣಿಗಳಿಂದ ಬರುತ್ತದೆ. ಆ ಗಣಿಗಳಲ್ಲಿ ಮಕ್ಕಳೂ ದುಡಿದಿದ್ದಾರೆ. ಅದು ತಿಳಿದಿದ್ದೂ ನಾವು ದಿನಕ್ಕೆ ನೂರು ಸಲ ಅದನ್ನು ತೀಡುತ್ತೇವೆ.

ಹಾಗಾದರೆ ದಂತದ ಕೀಗಳಿರುವ ಪಿಯಾನೋ ಮನೆಯಲ್ಲಿದ್ದರೆ ಏನು ಮಾಡಬೇಕು? ‘ತಾತ ಕೊಂಡದ್ದು, ನಮಗೇಕೆ ಆ ಪಾಪ?’ ಎಂದು ಕೇಳುವವರ ಮಾತಿನಲ್ಲಿ ಸತ್ಯವಿದೆ. ಎಂದೋ ನಡೆದುಹೋದ ದುಷ್ಕೃತ್ಯಕ್ಕೆ ಇಂದು ಆ ಕೀಗಳನ್ನು ನುಡಿಸುವ ಮಗು ಸಹಕರಿಸಿದಂತಾಗುವುದಿಲ್ಲ. ನೀತಿಶಾಸ್ತ್ರ ಇಷ್ಟನ್ನು ನಿಸ್ಸಂದೇಹವಾಗಿ ಹೇಳುತ್ತದೆ. ದಂತವನ್ನು ಕಿತ್ತು ಎಸೆದರೆ ಆನೆಯೂ ಏಳುವುದಿಲ್ಲ, ಹೊತ್ತವನೂ ಏಳುವುದಿಲ್ಲ. ಅವರ ಕೊನೆಯ ಕುರುಹೂ ಹೋಗುತ್ತದೆ. ಮಾರುವ ಮಾತು ಬೇರೆ. ಮಾರಾಟವು ಹೊಸ ಆಸೆಯನ್ನು ಹುಟ್ಟಿಸುತ್ತದೆ, ಆ ಆಸೆ ಜೀವಂತ ಆನೆಯನ್ನು ಹುಡುಕಿಕೊಂಡು ಹೋಗುತ್ತದೆ. ಆಫ್ರಿಕದ ಆನೆಯ ದಂತದ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಲು ರಾಷ್ಟ್ರಗಳು ಒಪ್ಪಿದ್ದು 1989ರಲ್ಲಿ. 2022ರ ಜೂನ್‌ನಲ್ಲಿ ಜಾರಿಗೆ ಬಂದ ಬ್ರಿಟನ್ನಿನ ಕಾಯಿದೆಯು 1975ಕ್ಕೆ ಮುಂಚೆ ತಯಾರಾದ, ಶೇಕಡಾ 20ಕ್ಕಿಂತ ಕಡಿಮೆ ದಂತವಿರುವ ವಾದ್ಯಗಳನ್ನು ಮಾತ್ರ, ಅದೂ ನೋಂದಾಯಿಸಿದ ಮೇಲೆ, ಮಾರಲು ಬಿಡುತ್ತದೆ. ವಾದ್ಯದ ವಯಸ್ಸನ್ನು ತಿಳಿಯುವುದು ಅಲ್ಲಿ ಕಾನೂನಿನ ಅಗತ್ಯವೂ ಆಗಿದೆ.

ಆದುದರಿಂದ ಸಂಖ್ಯೆಯನ್ನು ಹುಡುಕಿ, ವರ್ಷವನ್ನು ಕಂಡುಕೊಂಡು, ಒಂದು ಹಾಳೆಯಲ್ಲಿ ಬರೆದು ಪಿಯಾನೋದ ಕುರ್ಚಿಯ ಪೆಟ್ಟಿಗೆಯಲ್ಲಿಡಿ. ಕೀಗಳು ದಂತದ್ದೋ ಅಲ್ಲವೋ ಎಂಬುದನ್ನೂ, ದಂತದ್ದಾದರೆ ಅದು ಬಂದ ದಾರಿಯನ್ನೂ ಎರಡು ಸಾಲಿನಲ್ಲಿ ಸೇರಿಸಿ. ನುಡಿಸಲು ಕಲಿಯುವ ಮಕ್ಕಳು ಅದನ್ನು ಓದಲಿ. ದಂತ ಕತ್ತಲಲ್ಲಿ ಹಳದಿಯಾಗುತ್ತದೆ. ಆಗಾಗ ಮುಚ್ಚಳ ತೆರೆದಿಟ್ಟು ಕೀಗಳಿಗೆ ಹಗಲಿನ ಬೆಳಕು ಸೋಕುವಂತೆ ಮಾಡುವುದು ಒಳ್ಳೆಯದು. ಒಂದೆರಡು ಹಲ್ಲೆ ಕಳಚಿ ಕಳೆದುಹೋಗಿದ್ದರೆ, ಹಳೆಯ ಪಿಯಾನೋಗಳಿಂದ ಬಿಚ್ಚಿ ತೆಗೆದ ದಂತವನ್ನು ಜೋಡಿಸುವ ಕುಶಲಿಗಳು ಹೊರದೇಶಗಳಲ್ಲಿದ್ದಾರೆ. ನನ್ನನ್ನು ಕೇಳಿದರೆ ಆ ಜಾಗಕ್ಕೆ ಪ್ಲಾಸ್ಟಿಕ್ ಸಾಕು. ಬಣ್ಣ ಹೊಂದುವುದಿಲ್ಲ, ಬೆರಳಿಗೂ ಬೇರೆಯೆಂದು ತಿಳಿಯುತ್ತದೆ; ತಿಳಿದರೆ ತೊಂದರೆಯಿಲ್ಲ.