ಹಳೆಯ ಮುದ್ರಣ

ಅಜ್ಜನಿಗೆ ಮಂಜೂರಾದ ಜಮೀನು ಎಂದೋ ಕೈತಪ್ಪಿದೆ. ಈಗ ಕಾಲ ಮೀರಿತೆಂದು ಯಾರೋ ಹೇಳಿದ್ದಾರೆ. ಅಂಥವರೊಬ್ಬರು ಗ್ರಂಥಾಲಯಕ್ಕೆ ಬಂದು ಪಿಟಿಸಿಎಲ್ ಕಾಯ್ದೆ ಕೇಳುತ್ತಾರೆ ಎನ್ನಿ. ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಜಮೀನು ಪರಭಾರೆಯಾಗದಂತೆ ತಡೆಯುವ 1978ರ ಕಾಯ್ದೆ. ಕಪಾಟಿನಲ್ಲಿರುವುದು ಹಳೆಯ ಮುದ್ರಣ. ಸಮಂಜಸ ಅವಧಿಯೊಳಗೆ ಬರಬೇಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದು, ಕಾಲಮಿತಿಯೇ ಇಲ್ಲವೆಂದು 2023ರ ತಿದ್ದುಪಡಿ ಸಾರಿದ್ದು, ಎರಡೂ ಅದರಲ್ಲಿಲ್ಲ.

ಪುಸ್ತಕ ಕೊಡಬೇಕು, ಸಲಹೆ ಕೊಡಬಾರದು ಎಂಬುದು ಗ್ರಂಥಪಾಲಕರ ವೃತ್ತಿಧರ್ಮ. ಸರಿಯೇ, ತಿದ್ದುಪಡಿಯ ನಂತರವೂ ವಿಳಂಬದ ಪ್ರಶ್ನೆ ಹೈಕೋರ್ಟ್ ಮೆಟ್ಟಿಲೇರಿರುವಾಗ ‘ಗೆಲ್ಲುತ್ತೀರಿ’ ಎನ್ನಲು ಅವರು ಯಾರು? ಆದರೆ ಗೊತ್ತಿದ್ದೂ ಹಳೆಯ ಪುಸ್ತಕವನ್ನು ಸುಮ್ಮನೆ ಕೈಗಿಡುವುದನ್ನು ನಾನು ತಟಸ್ಥತೆ ಎನ್ನಲಾರೆ. ತಿದ್ದುಪಡಿಯ ರಾಜ್ಯಪತ್ರ ಹುಡುಕಿಕೊಡುವುದು, ಪರಿಶಿಷ್ಟರಿಗೆ ಉಚಿತವಾಗಿ ವಕೀಲರನ್ನು ಒದಗಿಸುವ ತಾಲ್ಲೂಕು ಕಾನೂನು ಸೇವಾ ಸಮಿತಿಯ ದಾರಿ ತೋರಿಸುವುದು ಪುಸ್ತಕ ಕೊಡುವ ಕೆಲಸದ್ದೇ ಭಾಗ. ಅರ್ಜಿಯನ್ನೂ ಬರೆದುಕೊಡಿ ಎಂದರೆ? ಅಲ್ಲಿ ಕೈಮುಗಿಯಬೇಕು.