ಸ್ತನ ವರ್ಧನೆಯ ಶಸ್ತ್ರಕ್ರಿಯೆ: ಚಿಕಿತ್ಸೆಯೋ, ಅಲಂಕಾರವೋ?

ಸ್ತನಗಳ ಗಾತ್ರವನ್ನು ಹೆಚ್ಚಿಸಿಕೊಳ್ಳುವ ಶಸ್ತ್ರಕ್ರಿಯೆಯ ಕುರಿತು ಸಹೋದರಿಯರು ಬಾಯಿಬಿಟ್ಟು ಕೇಳುವುದು ಅಪರೂಪ. ಲಜ್ಜೆ ಒಳ್ಳೆಯ ಗುಣವೇ. ಆದರೆ ಧರ್ಮದ ವಿಷಯವನ್ನು ಕೇಳಿ ತಿಳಿಯಲು ಲಜ್ಜೆಯನ್ನು ಅಡ್ಡಿಯಾಗಿಸದ ಅನ್ಸಾರಿ ಮಹಿಳೆಯರನ್ನು ಹಝ್ರತ್ ಆಯಿಶಾ(ರ) ಪ್ರಶಂಸಿಸಿದ್ದರೆಂಬುದನ್ನು ಮರೆಯಬಾರದು. ಆದ್ದರಿಂದ ವಿಷಯಕ್ಕೆ ನೇರವಾಗಿಯೇ ಬರೋಣ.

ಇಸ್ಲಾಮ್ ಸೌಂದರ್ಯದ ವಿರೋಧಿಯಲ್ಲ. ಸುರ್ಮಾ, ಮದರಂಗಿ, ಆಭರಣ ಯಾವುದನ್ನೂ ಅದು ಮಹಿಳೆಗೆ ನಿಷೇಧಿಸಿಲ್ಲ. ಇಲ್ಲಿರುವ ಪ್ರಶ್ನೆ ಅಲಂಕಾರದ್ದಲ್ಲ; ಆರೋಗ್ಯವಂತ ದೇಹವನ್ನು ಕೊಯ್ದು ಅದರ ರೂಪವನ್ನೇ ಬದಲಾಯಿಸುವುದರದ್ದು. ಅಲ್ಲಾಹನ ಸೃಷ್ಟಿಯನ್ನು ಮಾರ್ಪಡಿಸುವಂತೆ ಮನುಷ್ಯರನ್ನು ಪ್ರೇರೇಪಿಸುವುದು ಶೈತಾನನ ಶಪಥಗಳಲ್ಲೊಂದೆಂದು ಅನ್ನಿಸಾ ಅಧ್ಯಾಯದ 119ನೇ ಸೂಕ್ತ ತಿಳಿಸುತ್ತದೆ. ಹಚ್ಚೆ ಹಾಕುವವರನ್ನೂ ಸೌಂದರ್ಯಕ್ಕಾಗಿ ಹಲ್ಲುಗಳ ನಡುವೆ ಅಂತರ ಮಾಡಿಸಿಕೊಳ್ಳುವವರನ್ನೂ ಖಂಡಿಸುವ ಹದೀಸನ್ನು ಇಬ್ನು ಮಸ್‌ಊದ್(ರ) ವರದಿ ಮಾಡಿದ್ದಾರೆ. ಇದರಲ್ಲಿ 'ಸೌಂದರ್ಯಕ್ಕಾಗಿ' ಎಂಬ ಪದದ ಮೇಲೆ ವಿದ್ವಾಂಸರು ಬೆರಳಿಟ್ಟಿದ್ದಾರೆ. ರೋಗಕ್ಕೋ ನ್ಯೂನತೆಗೋ ಮಾಡಿಸಿದ ಚಿಕಿತ್ಸೆಗೆ ಆ ಖಂಡನೆ ಅನ್ವಯಿಸದು.

ಇನ್ನೊಂದು ಘಟನೆಯೂ ಇದೆ. ಕುಲಾಬ್ ಯುದ್ಧದಲ್ಲಿ ಮೂಗನ್ನು ಕಳೆದುಕೊಂಡಿದ್ದ ಅರ್ಫಜ(ರ) ಬೆಳ್ಳಿಯ ಮೂಗನ್ನು ಇಟ್ಟುಕೊಂಡಿದ್ದರು. ಅದು ದುರ್ವಾಸನೆ ಬೀರತೊಡಗಿದಾಗ ಚಿನ್ನದ ಮೂಗನ್ನು ಮಾಡಿಸಿಕೊಳ್ಳಲು ಪ್ರವಾದಿ(ಸ) ಹೇಳಿದರು. ಪುರುಷರಿಗೆ ಚಿನ್ನ ನಿಷಿದ್ಧವಾಗಿದ್ದರೂ ಈ ಅನುಮತಿ ದೊರೆಯಿತೆಂಬುದನ್ನು ಗಮನಿಸಿ. ಅರ್ಬುದದಿಂದಾಗಿ ಸ್ತನವನ್ನೇ ಕಳೆದುಕೊಂಡ ಸಹೋದರಿಯ ಸ್ಥಿತಿ ಅರ್ಫಜ(ರ)ರ ಸ್ಥಿತಿಗೆ ಸಮೀಪವಾದುದು. ಒಂದು ಬದಿ ಹುಟ್ಟಿನಿಂದಲೇ ಬೆಳೆಯದಿರುವವಳದ್ದೂ ಅಷ್ಟೇ. 2007ರಲ್ಲಿ ಮಲೇಷ್ಯಾದ ಪುತ್ರಜಯದಲ್ಲಿ ಸಭೆ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯೂ ನ್ಯೂನತೆ ಸರಿಪಡಿಸುವ ಶಸ್ತ್ರಕ್ರಿಯೆಯನ್ನು ಸಮ್ಮತಿಸಿ, ಕೇವಲ ರೂಪ ಬದಲಾವಣೆಗಾಗಿ ಮಾಡುವುದನ್ನು ನಿಷೇಧಿಸಿತು.

ಕಠಿಣವಾದುದು ಇವೆರಡರ ನಡುವಿನ ಪ್ರಶ್ನೆ. ರೋಗವಿಲ್ಲ, ನ್ಯೂನತೆಯಿಲ್ಲ, ಆದರೆ ಗಂಡ ದಿನವೂ ಹಂಗಿಸುತ್ತಾನೆ, ನಾದಿನಿಯರು ನಗುತ್ತಾರೆ. ಅವಳ ನೋವು ಸುಳ್ಳೇ? ಖಂಡಿತ ಅಲ್ಲ. ಅವಳನ್ನು ಶೋಕಿಯವಳೆಂದು ಜರೆಯುವವರು ಸ್ವಲ್ಪ ತಾಳಬೇಕು. ಆದರೆ ಈ ನೋವಿನ ಮೂಲ ಅವಳ ಎದೆಯಲ್ಲಿಲ್ಲ, ಗಂಡನ ನಾಲಗೆಯಲ್ಲಿದೆ. ಚೂರಿ ಮಾತ್ರ ಅವಳ ಮೇಲೆ! ಇನ್ನೊಬ್ಬರ ಸೃಷ್ಟಿರೂಪವನ್ನು ಗೇಲಿ ಮಾಡುವುದು ಪಾಪವೆಂದು ಆ ಗಂಡನಿಗೆ ತಿಳಿಹೇಳುವ ಹಿರಿಯರು ಮನೆಯಲ್ಲಿಲ್ಲವೇ? ಅವಳ ಮನಸ್ಸು ತೀರಾ ಕುಸಿದಿದ್ದರೆ ಮನೋವೈದ್ಯರ ಬಳಿ ಕರೆದೊಯ್ಯುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಈ ಶಸ್ತ್ರಕ್ರಿಯೆಯ ಆರಂಭವೇ ಯೋಚಿಸತಕ್ಕದ್ದು. 1962ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಟಿಮ್ಮಿ ಜೀನ್ ಲಿಂಡ್ಸೆ ಎಂಬ ಮಹಿಳೆಗೆ ಮೊದಲ ಬಾರಿ ಸಿಲಿಕೋನ್ ಚೀಲಗಳನ್ನು ಅಳವಡಿಸಲಾಯಿತು. ಆಕೆ ಆಸ್ಪತ್ರೆಗೆ ಹೋಗಿದ್ದುದು ಎದೆಯ ಮೇಲಿನ ಹಚ್ಚೆಯನ್ನು ತೆಗೆಸಲು. ಹೊಸ ಚೀಲವನ್ನು ಪ್ರಯೋಗಿಸಲು ಸಿದ್ಧರಿದ್ದ ವೈದ್ಯರು ಕೇಳಿದಾಗ, ತನ್ನ ಮುಂಚಾಚಿದ ಕಿವಿಗಳನ್ನು ಸರಿಪಡಿಸುವುದಾದರೆ ಒಳ್ಳೆಯದಿತ್ತೆಂದಳು. ವೈದ್ಯರು ಎರಡನ್ನೂ ಮಾಡಿದರು! ಬೇಡಿಕೆಗೆ ಮೊದಲೇ ಸರಕು ಸಿದ್ಧವಾಗಿತ್ತು.

ಇನ್ನು ದೇಹಕ್ಕಾಗುವುದೇನು? ಈ ಚೀಲಗಳು ಜೀವನಪರ್ಯಂತ ಬಾಳುವಂಥವಲ್ಲ. ಹೆಚ್ಚು ಕಾಲ ಇದ್ದಷ್ಟೂ ತೊಂದರೆಯ ಸಾಧ್ಯತೆ ಹೆಚ್ಚು. ಅನೇಕರಿಗೆ ಮತ್ತೊಮ್ಮೆ ಶಸ್ತ್ರಕ್ರಿಯೆ ಬೇಕಾಗುತ್ತದೆ. ದೇಹವು ಹೊರಗಿನ ವಸ್ತುವಿನ ಸುತ್ತ ಪೊರೆಯನ್ನು ಕಟ್ಟುತ್ತದೆ. ಕೆಲವರಲ್ಲಿ ಅದು ಬಿಗಿದು ಸ್ತನ ಕಲ್ಲಿನಂತಾಗಿ ನೋಯುತ್ತದೆ. ಸಿಲಿಕೋನ್ ಚೀಲ ಒಳಗೇ ಒಡೆದರೂ ಹೊರಗೆ ತಿಳಿಯದಿರಬಹುದು. ಹಾಗಾಗಿ ಆಗಾಗ ಸ್ಕ್ಯಾನಿಂಗ್ ಮಾಡಿಸುತ್ತಿರಬೇಕು. ಅರ್ಬುದ ಪತ್ತೆಗೆ ಮಾಡುವ ಮ್ಯಾಮೋಗ್ರಾಂಗೂ ಅದು ಅಡ್ಡವಾಗಬಹುದು. ತೆಗೆಸಿದರೆ ಮೊದಲಿನ ರೂಪ ಬರುತ್ತದೆಂಬ ಭರವಸೆಯಿಲ್ಲ. ಹೊರಮೈ ಒರಟಾಗಿರುವ ಚೀಲಗಳಿಗೂ ಅಪರೂಪದ ಒಂದು ದುಗ್ಧಗ್ರಂಥಿ ಅರ್ಬುದಕ್ಕೂ ಸಂಬಂಧವಿರುವುದು ಕಂಡುಬಂದು, 2019ರಲ್ಲಿ ಅಲರ್ಗನ್ ಕಂಪೆನಿ ಅಂತಹ ಚೀಲಗಳನ್ನು ಜಗತ್ತಿನಾದ್ಯಂತ ಹಿಂಪಡೆಯಿತು. ಅಪಾಯಗಳನ್ನು ಒಂದೊಂದಾಗಿ ಓದಿಸಿ ಸಹಿ ಪಡೆಯಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2021ರಲ್ಲಿ ಆದೇಶಿಸಿತು.

ಮಗುವಿನ ಹಕ್ಕನ್ನೂ ಯೋಚಿಸಬೇಕು. ಎರಡು ಪೂರ್ಣ ವರ್ಷಗಳ ಸ್ತನಪಾನವನ್ನು ಕುರ್‌ಆನ್ ಪ್ರಸ್ತಾಪಿಸಿದೆ. ಈ ಶಸ್ತ್ರಕ್ರಿಯೆಯ ನಂತರ ಬಹಳ ಮಂದಿ ಹಾಲುಣಿಸುತ್ತಾರೆಂಬುದು ನಿಜವಾದರೂ, ಮೊಲೆತೊಟ್ಟಿನ ಸುತ್ತ ಕೊಯ್ದಾಗ ನರಗಳಿಗೂ ಹಾಲಿನ ನಾಳಗಳಿಗೂ ಪೆಟ್ಟಾಗಿ ಹಾಲು ಕಡಿಮೆಯಾಗಬಹುದು. ಮದುವೆಯಾಗದ ಹುಡುಗಿಗೆ ಇದನ್ನು ವೈದ್ಯರು ತಾವಾಗಿ ಹೇಳುತ್ತಾರೆಂದು ನಂಬಿ ಕುಳಿತುಕೊಳ್ಳಬೇಡಿ.

ಅರ್ಬುದದ ನಂತರ ಪುನಾರಚನೆ ಮಾಡಿಸಿಕೊಳ್ಳಲಿರುವ ಸಹೋದರಿಗೆ ಒಂದೆರಡು ಮಾತು. ಹೊಟ್ಟೆಯ ಅಥವಾ ಬೆನ್ನಿನ ಸ್ವಂತ ಮಾಂಸಖಂಡದಿಂದ ಸ್ತನವನ್ನು ರೂಪಿಸುವ ವಿಧಾನವಿದೆ. ಒಳ ಉಡುಪಿನಲ್ಲಿ ಇಟ್ಟುಕೊಳ್ಳುವ ಕೃತಕ ಸ್ತನವೂ ಇದೆ. ಅದಕ್ಕೆ ಕೊಯ್ಯುವ ಅಗತ್ಯವೇ ಇಲ್ಲ. ಸಾಧ್ಯವಿದ್ದರೆ ಮಹಿಳಾ ಶಸ್ತ್ರವೈದ್ಯರನ್ನೇ ಹುಡುಕಿರಿ. ಚೀಲವನ್ನೇ ಆರಿಸಿದರೆ ಅದರ ಕಂಪೆನಿ, ಮಾದರಿ, ಕ್ರಮಸಂಖ್ಯೆ ಇರುವ ಕಾರ್ಡನ್ನು ಕೇಳಿ ಪಡೆಯಿರಿ. ಫ್ರಾನ್ಸ್‌ನ ಪಿ.ಐ.ಪಿ. ಎಂಬ ಕಂಪೆನಿ ಕೈಗಾರಿಕಾ ದರ್ಜೆಯ ಅಗ್ಗದ ಸಿಲಿಕೋನ್ ತುಂಬಿ ಮಾರುತ್ತಿದ್ದುದು 2010ರಲ್ಲಿ ಬಯಲಾಯಿತು. ಮರುವರ್ಷ ಅಲ್ಲಿನ ಸರಕಾರವು ಸುಮಾರು 30,000 ಮಹಿಳೆಯರಿಗೆ ಅವನ್ನು ತೆಗೆಸಿಕೊಳ್ಳುವಂತೆ ಸೂಚಿಸಿತು. ಆಗ ಬೇರೆ ದೇಶಗಳಲ್ಲೂ ಎಷ್ಟೋ ಮಹಿಳೆಯರು ತಮ್ಮ ದೇಹದೊಳಗಿರುವುದು ಯಾವ ಕಂಪೆನಿಯದ್ದೆಂದು ತಿಳಿಯದೆ ಹಳೆಯ ಆಸ್ಪತ್ರೆಗಳ ದಾಖಲೆ ಹುಡುಕುತ್ತಾ ಅಲೆಯಬೇಕಾಯಿತು.